‘ನೈಸ್’ ಪದದ ಬೆನ್ನು ಹತ್ತಿದ್ದು ಹೀಗೆ

‘ನೈಸ್’ ಇಂಗ್ಲಿಷಿಗೆ ಮೊದಲು ಬಂದಾಗ ಅದರ ಅರ್ಥ ‘ದಡ್ಡ’. ‘ಚೆನ್ನಾಗಿದೆ’ ಅನ್ನೋ ಅರ್ಥ ಅದಕ್ಕೆ ಬಂದಿದ್ದು ಸುಮಾರು ನಾಲ್ಕೂವರೆ ಶತಮಾನ ಕಳೆದ ಮೇಲೆ. ಇಷ್ಟನ್ನು ಯಾವ ದೊಡ್ಡ ನಿಘಂಟು ತೆರೆದರೂ ಎರಡು ಸಾಲಿನಲ್ಲಿ ಹೇಳಿಬಿಡುತ್ತದೆ. ಲ್ಯಾಟಿನ್ನಿನ ‘ನೆಸ್ಕಿಯಸ್’, ಅಂದರೆ ಏನೂ ತಿಳಿಯದವನು. ಅದು ಹಳೆಯ ಫ್ರೆಂಚಿನಲ್ಲಿ ಪೆದ್ದ ಅನ್ನೋ ಅರ್ಥದ ಪದವಾಗಿ, 1300ರ ಸುಮಾರಿಗೆ ಇಂಗ್ಲಿಷಿಗೆ ಬಂತು. ಅಂದಹಾಗೆ, ಇದಕ್ಕೂ ‘ಸೈನ್ಸ್’ ಪದಕ್ಕೂ ಬೇರು ಒಂದೇ, ‘ತಿಳಿ’ ಅನ್ನೋ ಅರ್ಥದ ಲ್ಯಾಟಿನ್ ಕ್ರಿಯಾಪದ.

ಆದರೆ ಇಷ್ಟು ಗೊತ್ತಾದರೆ ನನಗೆ ಸಮಾಧಾನ ಇಲ್ಲ. ಬೈಗುಳವಾಗಿದ್ದ ಪದವನ್ನು ಜನ ಒಂದು ದಿನ ಬೆಳಿಗ್ಗೆ ಎದ್ದು ಹೊಗಳಿಕೆಗೆ ಬಳಸೋಕೆ ಶುರು ಮಾಡಿರೋದಿಲ್ಲ, ಅಲ್ವಾ? ನಡುವೆ ಏನೇನೋ ಆಗಿರಲೇಬೇಕು. ಆ ನಡುವಿನದ್ದನ್ನು ಹುಡುಕೋದೇ ನನಗೆ ಖುಷಿ ಕೊಡುವ ಕೆಲಸ. ನಾನು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ, ಭಾಷಾಶಾಸ್ತ್ರ ಓದಿಕೊಂಡವನಲ್ಲ. ಹಾಗಾಗಿ ಇಲ್ಲಿ ಹೇಳುವ ದಾರಿಯನ್ನು ಯಾರು ಬೇಕಾದರೂ ಹಿಡಿಯಬಹುದು, ಒಂದು ಫೋನು ಮತ್ತು ತಾಳ್ಮೆ ಇದ್ದರೆ ಸಾಕು.

ಮೊದಲನೇ ಮಾತು: ನಿಘಂಟನ್ನು ಕೊನೆಗೆ ತೆರೆಯಿರಿ. ಅರ್ಥ ಮೊದಲೇ ಗೊತ್ತಾಗಿಬಿಟ್ಟರೆ ಹಳೆಯ ವಾಕ್ಯ ಓದುವಾಗ ಕಣ್ಣು ಅದನ್ನೇ ಹುಡುಕುತ್ತದೆ. ನಾನು ಮಾಡೋದು ಇಷ್ಟೇ. ಪದ ಇರುವ ಹಳೆಯ ವಾಕ್ಯವನ್ನು ಒಂದು ಚೀಟಿಯಲ್ಲಿ ಪೂರ್ತಿ ಬರೆದುಕೊಳ್ಳುತ್ತೇನೆ. ಕೆಳಗೆ ಯಾರದ್ದು, ಯಾವ ವರ್ಷದ್ದು ಅಂತ ಹಾಕುತ್ತೇನೆ. ಅದರ ಪಕ್ಕದಲ್ಲಿ ಯಾವ ಪದ ನಿಂತಿದೆ, ಯಾವುದಕ್ಕೆ ಎದುರಾಗಿ ನಿಂತಿದೆ ಅನ್ನೋದಕ್ಕೆ ಗೆರೆ ಎಳೆಯುತ್ತೇನೆ. ಚೀಟಿಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಪದ ನಡೆದುಬಂದ ಹಾದಿ ತಾನಾಗಿ ಕಾಣೋಕೆ ಶುರುವಾಗುತ್ತದೆ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಆಗಿದ್ದೂ ಹೀಗೇ. ಅದರ ಸಂಪಾದಕ ಜೇಮ್ಸ್ ಮರೆ 1879ರಲ್ಲಿ ಓದುಗರಿಗೆ ಮನವಿ ಮಾಡಿಕೊಂಡ, ಎಲ್ಲೆಲ್ಲಿಂದಲೋ ಜನ ಪುಸ್ತಕ ಓದಿ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಕಳಿಸಿದರು. ಮೊದಲ ಕಂತು 1884ರಲ್ಲಿ ಬಂತು, ಕೊನೆಯದು 1928ರಲ್ಲಿ.

ಸಾಮಗ್ರಿ ಎಲ್ಲಿ ಸಿಗುತ್ತದೆ? ಹೆಚ್ಚಿನದು ಪುಕ್ಕಟೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಹಳೆಯ ಪುಸ್ತಕಗಳ ಪಠ್ಯ ಇದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಟಗಳ ಚಿತ್ರಗಳೇ ಇವೆ. 1500ಕ್ಕಿಂತ ಹಿಂದಿನದಕ್ಕೆ ಮಿಷಿಗನ್ ವಿಶ್ವವಿದ್ಯಾಲಯದ ಮಧ್ಯಕಾಲೀನ ಇಂಗ್ಲಿಷ್ ನಿಘಂಟು ಇದೆ, ಅದಕ್ಕೂ ದುಡ್ಡು ಕೊಡಬೇಕಿಲ್ಲ. ಹುಡುಕುವಾಗ ಎರಡು ವಿಷಯ ನೆನಪಿರಲಿ. ಹಳೆಯ ಕಾಲದಲ್ಲಿ ಸ್ಪೆಲಿಂಗ್ ಒಂದೇ ಥರ ಇರಲಿಲ್ಲ, ‘ನೈಸ್’ ಪದದ ನಡುವೆ ‘ಐ’ ಬದಲು ‘ವೈ’ ಅಕ್ಷರ ಹಾಕಿಯೂ ಹುಡುಕಬೇಕು. ಇನ್ನೊಂದು, 1800ಕ್ಕೆ ಮುಂಚಿನ ಮುದ್ರಣದಲ್ಲಿ ಪದದ ನಡುವಿನ ‘ಎಸ್’ ಉದ್ದವಾಗಿ, ನೋಡೋಕೆ ‘ಎಫ್’ ಥರ ಇರುತ್ತದೆ. ಕಂಪ್ಯೂಟರು ಅದನ್ನು ‘ಎಫ್’ ಅಂತಲೇ ಓದಿಕೊಳ್ಳುವುದರಿಂದ ‘ನೈಸೆಸ್ಟ್’ ಹುಡುಕಬೇಕಾದರೆ ‘ನೈಸೆಫ್ಟ್’ ಅಂತ ಟೈಪ್ ಮಾಡಬೇಕಾಗುತ್ತದೆ. ಹುಚ್ಚಾಟದ ಥರ ಕಂಡರೂ ಕೆಲಸ ಆಗುತ್ತದೆ.

ಈಗ ಚೀಟಿಗಳಿಗೆ ಬರೋಣ.

ನನಗೆ ತುಂಬಾ ಇಷ್ಟವಾದದ್ದು ಇಂಗ್ಲಿಷ್ ಕವಿ ಚಾಸರ್‌ನದ್ದು. 1380ರ ದಶಕದಲ್ಲಿ ಬರೆದ ‘ಟ್ರಾಯ್ಲಸ್ ಅಂಡ್ ಕ್ರಿಸೇಡ್’ ಕಾವ್ಯದ ಎರಡನೇ ಭಾಗದ ಶುರುವಿನಲ್ಲಿ ಅವನು ಕಥೆ ನಿಲ್ಲಿಸಿ ಮಾತಿನ ಬಗ್ಗೆ ಮಾತಾಡುತ್ತಾನೆ. ಸಾವಿರ ವರ್ಷದಲ್ಲಿ ಮಾತಿನ ರೂಪವೇ ಬದಲಾಗುತ್ತದೆ, ಒಂದು ಕಾಲಕ್ಕೆ ಬೆಲೆಯಿದ್ದ ಪದಗಳು ಈಗ ನಮಗೆ ವಿಚಿತ್ರವಾಗಿ, ‘ನೈಸ್’ ಆಗಿ ಕಾಣುತ್ತವೆ, ಆದರೂ ಅವರು ಹಾಗೇ ಮಾತಾಡಿಕೊಂಡಿದ್ದರು, ಅಂತ. ಇಲ್ಲಿ ನೈಸ್ ಅಂದರೆ ಪೆದ್ದುಪೆದ್ದು. ಪದಗಳು ಬದಲಾಗುತ್ತವೆ ಅಂತ ಹೇಳೋಕೆ ಅವನು ಆರಿಸಿಕೊಂಡ ಪದವೇ ಅವನ ನಂತರ ತಲೆಕೆಳಗಾಯಿತು! ಮೊದಲ ಸಲ ಓದಿದಾಗ ಮೈ ಜುಂ ಅಂದಿತ್ತು. ಪಕ್ಕದಲ್ಲಿ ‘ವಿಚಿತ್ರ’ ಅನ್ನೋ ಪದ ಇರೋದನ್ನು ಗಮನಿಸಿ. ಅರ್ಥ ಹಿಡಿಯೋಕೆ ಅದೇ ಸಾಕು.

ಆಮೇಲೆ ಶೇಕ್ಸ್‌ಪಿಯರ್. ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಐದನೇ ಅಂಕದಲ್ಲಿ ಪಾದ್ರಿ ಲಾರೆನ್ಸ್ ರೋಮಿಯೋಗೆ ಬರೆದ ಪತ್ರ ತಲುಪೋದಿಲ್ಲ. ಒಯ್ಯಬೇಕಿದ್ದವನನ್ನು ಪ್ಲೇಗಿನ ಭಯದಿಂದ ಒಂದು ಮನೆಯಲ್ಲಿ ಕೂಡಿಹಾಕಿರುತ್ತಾರೆ. ಆಗ ಲಾರೆನ್ಸ್ ಗಾಬರಿಯಿಂದ ‘ಆ ಪತ್ರ ನೈಸ್ ಆಗಿರಲಿಲ್ಲ, ಆದರೆ ತುಂಬಾ ಮುಖ್ಯವಾದ ವಿಷಯ ಅದರಲ್ಲಿತ್ತು’ ಅನ್ನೋ ಹಾಗೆ ಹೇಳುತ್ತಾನೆ. ಕ್ಲಾಸಿನಲ್ಲಿ ಮಕ್ಕಳು ‘ಪತ್ರ ಚೆನ್ನಾಗಿರಲಿಲ್ಲ’ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ನಾನು ಬೋರ್ಡಿನ ಮೇಲೆ ‘ಆದರೆ’ ಪದಕ್ಕೆ ಸುತ್ತು ಹಾಕುತ್ತೇನೆ. ‘ಆದರೆ’ ಆಚೆಗೆ ‘ತುಂಬಾ ಮುಖ್ಯ’ ಅಂತ ಇದ್ದರೆ ಈಚೆಗಿರುವ ನೈಸ್‌ಗೆ ಅದರ ಎದುರಿನ ಅರ್ಥ ಇರಬೇಕಲ್ಲ? ಅಂದರೆ ಕ್ಷುಲ್ಲಕ, ಲೆಕ್ಕಕ್ಕಿಲ್ಲದ್ದು. ಅದೇ ನಾಟಕದ ಮೂರನೇ ಅಂಕದಲ್ಲಿ, ಇಬ್ಬರು ಸತ್ತುಬಿದ್ದ ಮೇಲೆ, ಬೆನ್ವೋಲಿಯೋ ಕೂಡ ಆ ಜಗಳ ಎಷ್ಟು ‘ನೈಸ್’ ಅನ್ನೋ ಮಾತು ಹೇಳುತ್ತಾನೆ. ಎರಡು ಹೆಣ ಬೀಳಿಸಿದ ಜಗಳ ಚೆನ್ನಾಗಿತ್ತು ಅಂತ ಯಾರೂ ಹೇಳೋದಿಲ್ಲ. ಎಷ್ಟು ಸಣ್ಣ ವಿಷಯಕ್ಕೆ ಆಯಿತು ಅಂತ ಅವನು ಹೇಳುತ್ತಿರೋದು.

ಈ ‘ಸಣ್ಣದು’ ಅನ್ನೋ ಅರ್ಥವೇ ನನಗೆ ಸಿಕ್ಕ ಕೀಲಿ. ದಡ್ಡತನ, ಆಮೇಲೆ ನಾಚಿಕೆ, ಆಮೇಲೆ ಅತಿ ನಾಜೂಕು, ಸಣ್ಣಪುಟ್ಟದ್ದಕ್ಕೂ ತಕರಾರು, ಅಲ್ಲಿಂದ ಸಣ್ಣದನ್ನೂ ಬಿಡದ ಸೂಕ್ಷ್ಮತೆ. ನಡುವಿನ ಒಂದೆರಡು ಶತಮಾನ ಎಷ್ಟು ಕಲಸುಮೇಲೋಗರ ಅಂದರೆ, 16 ಮತ್ತು 17ನೇ ಶತಮಾನದ ಎಷ್ಟೋ ವಾಕ್ಯಗಳಲ್ಲಿ ಬರೆದವರ ಮನಸ್ಸಿನಲ್ಲಿ ಯಾವ ಅರ್ಥ ಇತ್ತು ಅಂತ ಹೇಳೋದು ಕಷ್ಟ ಅಂತ ಆಕ್ಸ್‌ಫರ್ಡ್ ನಿಘಂಟಿನವರೇ ಬರೆದಿದ್ದಾರೆ. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟು ತೆರೆದರೆ ಮೊದಲ ಅರ್ಥವೇ ಅತಿ ಸೂಕ್ಷ್ಮದ ಮಟ್ಟಕ್ಕೂ ನಿಖರ ಅನ್ನೋದು. ಇಂದಿಗೂ ವಕೀಲರು ಎರಡು ವಿಷಯಗಳ ನಡುವಿನ ‘ನೈಸ್’ ವ್ಯತ್ಯಾಸ ಅನ್ನುವಾಗ ಆ ಅರ್ಥ ಜೀವಂತ ಇದೆ.

ಹಾಗಾದರೆ ‘ಚೆನ್ನಾಗಿದೆ’ ಎಲ್ಲಿಂದ ಬಂತು? ಇಲ್ಲಿ ನಾನು ಹುಡುಕೋದು ಒಂದೇ ಬಗೆಯ ವಾಕ್ಯವನ್ನು: ಹಳೆಯ ಅರ್ಥ ಹಾಕಿದರೂ ಕೂರಬೇಕು, ಹೊಸ ಅರ್ಥ ಹಾಕಿದರೂ ಕೂರಬೇಕು. ಒಂದು ಗಡಿಯಾರದ ಕುಸುರಿ ‘ನೈಸ್’ ಅಂದರೆ ಹೇಳಿದವನ ಲೆಕ್ಕದಲ್ಲಿ ಅದು ಸೂಕ್ಷ್ಮ, ಕೇಳಿಸಿಕೊಂಡವನಿಗೆ ಅದು ಸೊಗಸು. ಇಬ್ಬರಿಗೂ ತಪ್ಪು ಅನ್ನಿಸೋದಿಲ್ಲ, ಯಾರೂ ತಿದ್ದೋದಿಲ್ಲ. ಕೇಳಿದವನು ಮುಂದೆ ಗಡಿಯಾರ ಬಿಟ್ಟು ಹವಾಮಾನಕ್ಕೂ ಅದನ್ನೇ ಹೇಳುತ್ತಾನೆ. ಪದ ದಾಟಿಬಿಟ್ಟಿತು. ಅರ್ಥ ಬದಲಾಗೋದು ಇಂಥ ವಾಕ್ಯಗಳಲ್ಲೇ ಅನ್ನೋದು ನನ್ನ ಗಟ್ಟಿ ನಂಬಿಕೆ.

ದಾಟಿದ್ದು ಎಲ್ಲರಿಗೂ ಹಿಡಿಸಲಿಲ್ಲ. ಜೇನ್ ಆಸ್ಟಿನ್ ಸತ್ತ ಮೇಲೆ, 1817ರ ಕೊನೆಯಲ್ಲಿ ಬಂದ ‘ನಾರ್ಥ್ಯಾಂಗರ್ ಆಬಿ’ ಕಾದಂಬರಿಯಲ್ಲಿ ಕ್ಯಾಥರೀನ್ ತನಗಿಷ್ಟವಾದ ಪುಸ್ತಕವನ್ನು ‘ನೈಸೆಸ್ಟ್’ ಅಂದಾಗ ಹೆನ್ರಿ, ಅಂದರೆ ಅಚ್ಚುಕಟ್ಟಾಗಿದೆ ಅಂತಲಾ, ಅದು ಬೈಂಡಿಂಗ್ ಮೇಲೆ ಹೋಗುತ್ತದೆ, ಅಂತ ಕಾಲೆಳೆಯುತ್ತಾನೆ. ಅವನ ತಂಗಿ, ಸುಮ್ನೆ ಪದ ಬದಲಾಯಿಸು, ಇಲ್ಲದಿದ್ದರೆ ದಾರಿಯುದ್ದಕ್ಕೂ ಜಾನ್ಸನ್ ಹೆಸರು ಹೇಳಿ ಪಾಠ ಮಾಡುತ್ತಾನೆ ಅನ್ನೋ ಧಾಟಿಯಲ್ಲಿ ಎಚ್ಚರಿಸುತ್ತಾಳೆ. ನನಗೆ ಕ್ಯಾಥರೀನ್ ಮೇಲೇ ಪ್ರೀತಿ. ಅವಳು ಹೇಳಿದ್ದು ಅವಳ ಕಾಲದ ಮಾತು.

ಇದೆಲ್ಲ ಇಂಗ್ಲೆಂಡಿನ ಕಥೆ ಆಯಿತು. ಆದರೆ ಈ ಪದ ನಮ್ಮ ಮನೆಗಳಿಗೂ ಬಂದಿದೆ, ಬಂದ ಮೇಲೆ ಸುಮ್ಮನೆ ಕೂತಿಲ್ಲ. ಇಡ್ಲಿಗೆ ಅಕ್ಕಿ ತರಿತರಿಯಾಗಿರಲಿ, ಉದ್ದು ನೈಸಾಗಿ ರುಬ್ಬು ಅಂತ ನಮ್ಮಮ್ಮ ಹೇಳುತ್ತಾರೆ. ಗಿರಣಿಯಲ್ಲೂ ಅಷ್ಟೇ, ‘ನೈಸಾಗಿ ಬೀಸಿ’. ಇಲ್ಲಿ ನೈಸ್ ಅಂದರೆ ನುಣ್ಣಗೆ. ‘ಚೆನ್ನಾಗಿ ರುಬ್ಬು’ ಅಂದರೂ ಕೂರುತ್ತದೆ, ‘ನುಣ್ಣಗೆ ರುಬ್ಬು’ ಅಂದರೂ ಕೂರುತ್ತದೆ. ಗಡಿಯಾರದ ವಾಕ್ಯದ ಥರಾನೇ! ಈ ಸಲ ಮಾತ್ರ ಪದ ‘ಚೆನ್ನಾಗಿ’ ಕಡೆಯಿಂದ ‘ಸಣ್ಣಗೆ’ ಕಡೆಗೆ ದಾಟಿದ ಹಾಗಿದೆ. ಜೊತೆಗೆ ‘ನೈಸಾಗಿ ಜಾರಿಕೊಂಡ’, ‘ನೈಸ್ ಮಾಡಿ ದುಡ್ಡು ಕಿತ್ತ’ ಅನ್ನೋದೂ ಇದೆ, ಅಲ್ಲಿ ಪುಸಲಾಯಿಸೋದು, ಗೊತ್ತಾಗದ ಹಾಗೆ ಕೆಲಸ ಸಾಧಿಸೋದು. ಇಂಗ್ಲಿಷಿನಲ್ಲಿ ಈ ಬಳಕೆ ನಾನು ಕಂಡಿಲ್ಲ. ನನ್ನ ಊಹೆ ಏನಂದರೆ ನಮ್ಮ ‘ನಯ’ ಇದಕ್ಕೆ ಜಾಗ ಮಾಡಿಕೊಟ್ಟಿದೆ. ನಯವಾದ ಹಿಟ್ಟು, ನಯವಾದ ಮಾತು, ಕೊನೆಗೆ ನಯವಂಚಕ. ನುಣುಪು, ಮೆದುಮಾತು, ಮೋಸ ಮೂರೂ ಅಲ್ಲಿ ಮೊದಲೇ ಇವೆ. ಪಕ್ಕದಲ್ಲಿ ಅದೇ ಥರ ಕೇಳಿಸುವ ‘ನೈಸ್’ ಬಂದಾಗ ಜನ ಅದೇ ಕೆಲಸಗಳನ್ನು ಇದಕ್ಕೂ ಹಚ್ಚಿರಬಹುದು.

ಊಹೆಯನ್ನು ಗಟ್ಟಿ ಮಾಡಿಕೊಳ್ಳೋಕೆ ಈಗ ಕನ್ನಡದ ಚೀಟಿ ಶುರು ಮಾಡಿದ್ದೇನೆ. ಹಳೆಯ ಪತ್ರಿಕೆಗಳ ಅಡುಗೆ ಅಂಕಣ, ನಾಟಕದ ಸಂಭಾಷಣೆ, ಹಿರಿಯರ ಮಾತು, ಯಾವುದಾದರೂ ಸರಿ. ನೀವೂ ಮಾಡುವುದಾದರೆ ಅರ್ಥ ಬರೆದಿಡಬೇಡಿ, ಪೂರ್ತಿ ವಾಕ್ಯ ಬರೆದಿಡಿ. ಯಾರು ಹೇಳಿದ್ದು, ಯಾವ ಊರಿನವರು, ಅವರಿಗೆ ಎಷ್ಟು ವಯಸ್ಸು, ಯಾವ ವರ್ಷ ಕೇಳಿದ್ದು, ಇವು ಪಕ್ಕದಲ್ಲಿರಲಿ. ಧಾರವಾಡದ ಕಡೆ, ಮಂಗಳೂರಿನ ಕಡೆ ‘ನೈಸ್ ಮಾಡೋದು’ ಇದೇ ಅರ್ಥದಲ್ಲಿ ಇದೆಯಾ ಅನ್ನೋದು ನಾನು ಮೊದಲು ನೋಡಬೇಕು ಅಂದುಕೊಂಡಿರುವ ವಿಷಯ.