ವೈಶಾಖದ ಮಲ್ಲಿಗೆಗೆ ಕಾರ್ತಿಕದಲ್ಲೇ ಕತ್ತರಿ

ಏಪ್ರಿಲ್ ಬಂದು ಪಕ್ಕದ ಮನೆಯ ದುಂಡುಮಲ್ಲಿಗೆ ಮೈತುಂಬ ಮೊಗ್ಗು ಹೊತ್ತು ನಿಂತದ್ದನ್ನು ಕಂಡ ಮೇಲೆ ತಮ್ಮ ಗಿಡದ ಬುಡಕ್ಕೆ ಗೊಬ್ಬರ ಸುರಿಯಲು ತೊಡಗುವವರನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ. ಅಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ. ವೈಶಾಖದಲ್ಲಿ ಗಿಡ ಎಷ್ಟು ಹೂ ಕೊಡಬೇಕೆಂಬುದು ಕಾರ್ತಿಕ ಮುಗಿಯುವ ಹೊತ್ತಿಗೆ, ನಾವು ಅದನ್ನು ಸವರಿದ್ದೇವೆಯೇ ಇಲ್ಲವೇ ಎಂಬುದರಿಂದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ದುಂಡುಮಲ್ಲಿಗೆಯು ಹಳೆಯ ಕಡ್ಡಿಯಲ್ಲಿ ಮೊಗ್ಗು ಕಟ್ಟುವುದಿಲ್ಲ. ಹೊಸದಾಗಿ ಚಿಗುರಿದ ಕುಡಿಯ ತುದಿಯಲ್ಲಿ, ಸಾಮಾನ್ಯವಾಗಿ ಮೂರು ಮೊಗ್ಗುಗಳ ಗೊಂಚಲಾಗಿ ಕಟ್ಟುತ್ತದೆ. ಕುಡಿಗಳು ಹೆಚ್ಚಿದಷ್ಟೂ ಹೂ ಹೆಚ್ಚು. ಕುಡಿಗಳು ಹೆಚ್ಚಬೇಕಾದರೆ ಕತ್ತರಿಸದೆ ಬೇರೆ ದಾರಿಯಿಲ್ಲ.

ಕತ್ತರಿ ಎತ್ತಿಕೊಳ್ಳುವ ಮೊದಲು ನಿಮ್ಮ ಅಂಗಳದಲ್ಲಿರುವುದು ಯಾವ ಮಲ್ಲಿಗೆ ಎಂಬುದನ್ನು ಎಲೆ ನೋಡಿ ಖಚಿತಪಡಿಸಿಕೊಳ್ಳಬೇಕು. ಎದುರುಬದುರಾಗಿ ಕೂತ, ಅಗಲವಾದ, ಹೊಳಪಿನ ಒಂಟಿ ಎಲೆಗಳಿದ್ದರೆ ಅದು ದುಂಡುಮಲ್ಲಿಗೆಯ ಕುಲ. ಉಡುಪಿಯ ಶಂಕರಪುರದ ಮಲ್ಲಿಗೆಯೂ ಇದೇ ಕುಲಕ್ಕೆ ಸೇರಿದ್ದು. ಎಲೆಯ ಬುಡದಲ್ಲಿ ಕಿವಿಯಂಥ ಎರಡು ಪುಟ್ಟ ಎಲೆಗಳಿದ್ದರೆ ಅದು ಹೂವಿನ ಹಡಗಲಿಯ ಕಡೆ ಬೆಳೆಯುವ ಬೇರೆ ಜಾತಿ, ಅದನ್ನು ಸವರುವ ಕಾಲ ಜನವರಿಯ ಕೊನೆಯ ವಾರ. ಒಂದೇ ಕಡ್ಡಿಗೆ ಏಳೆಂಟು ಕಿರುಎಲೆಗಳು ಸಾಲಾಗಿ ಅಂಟಿಕೊಂಡಿದ್ದರೆ ಅದು ಜಾಜಿ. ಈ ಲೇಖನ ದುಂಡುಮಲ್ಲಿಗೆಗೆ ಮಾತ್ರ ಸಂಬಂಧಿಸಿದ್ದು.

ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಅದಿಲ್ಲದ ಜಾಗದಲ್ಲಿ ಮುಂದಿನ ಯಾವ ಕೆಲಸವೂ ಫಲ ಕೊಡುವುದಿಲ್ಲವಾದ್ದರಿಂದ, ಬಾಲ್ಕನಿ ಉತ್ತರಕ್ಕೆ ಮುಖ ಮಾಡಿದ್ದರೆ ಮಲ್ಲಿಗೆಯ ಆಸೆ ಬಿಟ್ಟು ಬೇರೆ ಗಿಡ ಹಾಕುವುದೇ ಲೇಸು.

ಸವರುವ ಕೆಲಸ ಆರಂಭವಾಗುವುದು ನೀರು ನಿಲ್ಲಿಸುವುದರಿಂದ. ದುಂಡುಮಲ್ಲಿಗೆಗೆ ನವೆಂಬರ್ ಕೊನೆಯ ವಾರ ಸರಿಯಾದ ಕಾಲವಾದ್ದರಿಂದ, ನೆಲದಲ್ಲಿರುವ ಗಿಡಕ್ಕೆ ಆ ತಿಂಗಳ ನಡುವಿನಿಂದಲೇ ನೀರು ಹಾಕುವುದನ್ನು ಬಿಡಬೇಕು. ಎಲೆಗಳು ಸ್ವಲ್ಪ ಬಾಡಿ, ಹಳೆಯವು ಹಳದಿಯಾಗಿ ಉದುರತೊಡಗಿದರೆ ಗಾಬರಿಪಡಬೇಕಿಲ್ಲ. ನಮಗೆ ಬೇಕಾದದ್ದೂ ಅದೇ. ಚಿಗುರುವುದನ್ನು ನಿಲ್ಲಿಸಿ ವಿಶ್ರಾಂತಿಗಿಳಿದ ಗಿಡವು ಕತ್ತರಿ ಬಿದ್ದು ನೀರು ಸಿಕ್ಕೊಡನೆ ಒಮ್ಮೆಗೇ ಎಲ್ಲ ಗೆಣ್ಣುಗಳಿಂದ ಚಿಗುರುತ್ತದೆ. ಕುಂಡದ ಗಿಡಕ್ಕೆ ಮಾತ್ರ ಇಷ್ಟು ದಿನದ ಉಪವಾಸ ಸಲ್ಲದು. ಮೇಲಿನ ಎರಡು ಅಂಗುಲ ಮಣ್ಣು ಪೂರ್ತಿ ಒಣಗಿ ಎಲೆ ಜೋತಾಡಲು ತೊಡಗಿದರೆ ಸಾಕು. ಬೆಂಗಳೂರು, ಮೈಸೂರು ಭಾಗದಲ್ಲಿ ಹಿಂಗಾರು ಮಳೆ ನವೆಂಬರಿನಲ್ಲಿ ಬಂದೆರಗುವುದುಂಟು. ಹಾಗಾದರೆ ಒಂದೆರಡು ವಾರ ತಡವಾದರೂ ಚಿಂತೆಯಿಲ್ಲ, ಒಣಹವೆ ಮರಳುವವರೆಗೆ ಕಾಯಬೇಕು. ಒದ್ದೆಯ ಗಾಯಕ್ಕೆ ಬೂಷ್ಟು ಬೇಗ ತಗಲುತ್ತದೆ.

ಇನ್ನು ಕತ್ತರಿಸುವುದು. ಬಹುತೇಕರು ಎಡವುವುದು ಇಲ್ಲಿಯೇ, ಅದೂ ಹೆಚ್ಚು ಕತ್ತರಿಸಿ ಅಲ್ಲ, ಹೆದರಿಕೆಯಿಂದ ಕಡಿಮೆ ಕತ್ತರಿಸಿ. ತುದಿಯ ನಾಲ್ಕು ಎಲೆ ಚಿವುಟಿ, ಗಿಡಕ್ಕೆ ನೋವಾದೀತೆಂದು ಅಲ್ಲಿಗೇ ಕೈಬಿಡುತ್ತಾರೆ. ಹೀಗೆ ವರ್ಷಗಟ್ಟಲೆ ಬಿಟ್ಟ ಗಿಡವು ಬುಡದಲ್ಲಿ ಬೋಳಾಗಿ, ಮೇಲೆ ಬಳ್ಳಿಯಂತೆ ಹರಡಿ, ಕಂಬಿಗೆ ಕಟ್ಟಿದ ಹಗ್ಗಕ್ಕೆ ಜೋತುಬಿದ್ದು ಹತ್ತಿಪ್ಪತ್ತು ಹೂ ಕೊಡುತ್ತದೆ. ಬೆಳೆದ ಗಿಡವನ್ನು ನೆಲದಿಂದ 50 ಸೆಂಟಿಮೀಟರ್, ಅಂದರೆ ಸುಮಾರು ಮೊಣಕಾಲೆತ್ತರಕ್ಕೆ ತರಬೇಕು. ಮೊದಲ ಸಲ ನೋಡಿದವರು ಗಿಡ ಸತ್ತೇಹೋಯಿತೆಂದುಕೊಳ್ಳುವಷ್ಟು ಕೆಳಕ್ಕೆ.

ಆದರೆ ಒಂದೇ ಎತ್ತರಕ್ಕೆ ಬೇಲಿ ಕತ್ತರಿಸಿದಂತೆ ಮಟ್ಟ ಮಾಡುವುದು ತಪ್ಪು. ಮೊದಲು ಬುಡಕ್ಕೆ ಕುಳಿತು ನೋಡಬೇಕು. ಒಣಗಿದ ಕಡ್ಡಿಗಳನ್ನು, ಒಂದರ ಮೇಲೊಂದು ಉಜ್ಜುತ್ತಿರುವ ಕೊಂಬೆಗಳಲ್ಲಿ ದುರ್ಬಲವಾದುದನ್ನು, ಒಳಮುಖವಾಗಿ ಬೆಳೆದುದನ್ನು, ಬುಡದಿಂದ ನೂಲಿನಂತೆ ಎದ್ದ ಸಣಕಲು ಕುಡಿಗಳನ್ನು ಮೂಲದಲ್ಲೇ ತೆಗೆದುಹಾಕಬೇಕು. ಉಳಿಯಬೇಕಾದವು ಹೊರಮುಖವಾಗಿ ಹರಡಿದ ಐದಾರು ಗಟ್ಟಿ ಕೊಂಬೆಗಳು ಮಾತ್ರ. ಗಿಡದ ನಡುವೆ ಬೆಳಕು ಮತ್ತು ಗಾಳಿ ಆಡುವಂತಾದ ಮೇಲೆ ಈ ಕೊಂಬೆಗಳನ್ನು ಒಂದೊಂದಾಗಿ ಎತ್ತರ ತಗ್ಗಿಸಬೇಕು. ಮಲ್ಲಿಗೆಯ ಗೆಣ್ಣಿನಲ್ಲಿ ಎಲೆಗಳು ಜೋಡಿಯಾಗಿರುವುದರಿಂದ ಪ್ರತಿ ಗೆಣ್ಣಿನಲ್ಲೂ ಎರಡು ಕಣ್ಣುಗಳಿರುತ್ತವೆ. ಗೆಣ್ಣಿನಿಂದ ಅರ್ಧ ಸೆಂಟಿಮೀಟರ್ ಮೇಲಕ್ಕೆ, ನೀರು ಜಾರಿಹೋಗುವಂತೆ ತುಸು ಓರೆಯಾಗಿ ಕತ್ತರಿಸಿದರೆ ಆ ಎರಡೂ ಕಣ್ಣು ಚಿಗುರಿ ಒಂದು ಕಡ್ಡಿ ಇದ್ದಲ್ಲಿ ಎರಡಾಗುತ್ತದೆ. ಗೆಣ್ಣಿಗೆ ತೀರ ಅಂಟಿಸಿ ಕತ್ತರಿಸಿದರೆ ಕಣ್ಣು ಒಣಗುತ್ತದೆ; ಎರಡಂಗುಲ ಮೇಲೆ ಬಿಟ್ಟರೆ ಆ ಮೋಟು ಒಣಗಿ, ಕೊಳೆ ಅಲ್ಲಿಂದಲೇ ಕೆಳಗಿಳಿಯುತ್ತದೆ. ಕೊಂಬೆ ಪೂರ್ತಿ ಬೂದುಬಣ್ಣಕ್ಕೆ ತಿರುಗಿ ಗೆಣ್ಣು ಕಾಣದಷ್ಟು ಮುದಿಯಾಗಿದ್ದರೆ ಎಲ್ಲವನ್ನೂ ಒಂದೇ ವರ್ಷ ಇಳಿಸಬಾರದು. ಈ ವರ್ಷ ಅರ್ಧದಷ್ಟು ಕೊಂಬೆಗಳನ್ನು, ಬುಡದಿಂದ ಹೊಸ ಕುಡಿ ಬಂದ ಮೇಲೆ ಮುಂದಿನ ವರ್ಷ ಉಳಿದ ಅರ್ಧವನ್ನು ಇಳಿಸುವುದು ಕ್ಷೇಮ.

ಕತ್ತರಿಯ ವಿಚಾರದಲ್ಲಿ ಜಿಪುಣತನ ಬೇಡ. ಅಡುಗೆಮನೆಯ ಚಾಕು, ಬಟ್ಟೆಯ ಕತ್ತರಿ ಎರಡೂ ಕಡ್ಡಿಯನ್ನು ಜಜ್ಜುತ್ತವೆ. ಎರಡು ಅಲಗುಗಳು ಒಂದರ ಪಕ್ಕ ಒಂದು ಜಾರಿಹೋಗುವಂಥ ತೋಟದ ಕತ್ತರಿಯೇ ಆಗಬೇಕು. ಒಂದು ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುವ ಅಗ್ಗದ ಬಗೆಯದು ಒಣಕಡ್ಡಿಗೆ ಸರಿಯೇ ಹೊರತು ಹಸಿ ಕೊಂಬೆಗಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್‌ನಿಂದ ಒರೆಸಬೇಕು. ಹೆಬ್ಬೆರಳಿಗಿಂತ ದಪ್ಪನೆಯ ಗಾಯಗಳಿಗೆ ಬೋರ್ಡೋ ಮುಲಾಮು (ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಲೇಪ) ಹಚ್ಚಬೇಕು. ಪೆನ್ಸಿಲ್ ಗಾತ್ರದವಕ್ಕೆ ಏನೂ ಬೇಡ. ಸಾಮಾಜಿಕ ಜಾಲತಾಣಗಳಲ್ಲಿ ತೋರಿಸುವ ದಾಲ್ಚಿನ್ನಿ ಪುಡಿ, ಟೂತ್‌ಪೇಸ್ಟ್ ಮೊದಲಾದವುಗಳಿಂದ ಅಡುಗೆಮನೆಯ ಖರ್ಚು ಹೆಚ್ಚುತ್ತದೆಯೇ ಹೊರತು ಗಿಡಕ್ಕೇನೂ ಆಗುವುದಿಲ್ಲ. ಉಳಿದ ಎಲೆಗಳನ್ನೂ ಕೈಯಿಂದ ಕಿತ್ತುಬಿಡುವುದು ನನ್ನ ರೂಢಿ, ಅವುಗಳ ಹಿಂಬದಿಯಲ್ಲಿ ಅಡಗಿದ ಕೆಂಪುನುಸಿಯೂ ಅವುಗಳೊಂದಿಗೇ ಹೋಗುತ್ತದೆ.

ನವೆಂಬರ್ ತಪ್ಪಿಸಿಕೊಂಡವರು ಜನವರಿಯವರೆಗೂ ಸವರಬಹುದು, ಹೂ ಅಷ್ಟೇ ತಡವಾಗುತ್ತದೆ. ಫೆಬ್ರುವರಿ ದಾಟಿದ ಮೇಲೆ ತುದಿ ಚಿವುಟುವುದಕ್ಕಿಂತ ಹೆಚ್ಚಿನ ಸಾಹಸ ಬೇಡ. ಇದೇ ಉತ್ಸಾಹದಲ್ಲಿ ಅಂಗಳದ ಎಲ್ಲದಕ್ಕೂ ಕತ್ತರಿ ಹಾಕುವವರೂ ಇದ್ದಾರೆ. ಗಂಧರಾಜವನ್ನು ಬೇಸಿಗೆಯ ಹೂ ಮುಗಿದೊಡನೆ ಸವರಬೇಕು, ಚಳಿಗಾಲದಲ್ಲಲ್ಲ. ಚೆಂಡಿನಂಥ ಕೆಂಪು ಹೂ ಬಿಡುವ ಮೇ ಫ್ಲವರಿನ ಗೆಡ್ಡೆ ಚಳಿಗಾಲದಲ್ಲಿ ನೆಲದೊಳಗೆ ನಿದ್ರೆಯಲ್ಲಿರುತ್ತದೆ, ಅದನ್ನು ಅಗೆಯಲೂ ಬಾರದು, ನೀರೂ ಹಾಕಬಾರದು. ಬೇಸಿಗೆಯ ಮೊದಲ ಅಡ್ಡಮಳೆ ಬಿದ್ದರೆ ಅದು ತಾನಾಗಿಯೇ ಏಳುತ್ತದೆ.

ಸವರಿದ ವಾರದೊಳಗೆ ಬುಡದ ಸುತ್ತ ಮಣ್ಣು ಸಡಿಲಿಸಿ, ನೆಲದ ಗಿಡಕ್ಕೆ ಹತ್ತು ಕಿಲೋದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕುಂಡಕ್ಕೆ ಎರಡು ಮೂರು ಬೊಗಸೆ ಗೊಬ್ಬರದೊಂದಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ನೀರು ಕೊಡಬೇಕು. ಯೂರಿಯಾದ ಗೊಡವೆ ಬೇಡ, ಅದರಿಂದ ಸೊಂಪಾದ ಎಲೆ ಬರುತ್ತದೆ, ಮೊಗ್ಗು ಬರುವುದಿಲ್ಲ. ನರ್ಸರಿಗಳಲ್ಲಿ ಸಿಗುವ ಬಣ್ಣದ ‘ಹೂ ಹೆಚ್ಚಿಸುವ’ ದ್ರಾವಣಗಳಲ್ಲಿ ಏನಿದೆಯೆಂದು ಬಾಟಲಿಯ ಮೇಲೆ ಬರೆದಿರದಿದ್ದರೆ ಅವನ್ನು ಕೊಳ್ಳಲೇಬಾರದು. ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಕೊಳವೆಬಾವಿಯ ಗಡಸು ನೀರು ಹಾಕುವ ಮನೆಗಳಲ್ಲಿ ಇದು ಸಾಮಾನ್ಯ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ ಎಲೆಗಳ ಮೇಲೆ ಸಿಂಪಡಿಸಿದರೆ ಹಸಿರು ಮರಳುತ್ತದೆ.

ಮಾರ್ಚ್‌ನಲ್ಲಿ ಮೊಗ್ಗು ಕಾಣಿಸಿಕೊಂಡ ಮೇಲೆ ದಿನಕ್ಕೊಮ್ಮೆ ಗಿಡದ ಬಳಿ ನಿಂತು ನೋಡುವ ಅಭ್ಯಾಸವಿರಲಿ. ಮೊಗ್ಗಿನಲ್ಲಿ ತೂತು ಕಂಡರೆ ಅದು ಮೊಗ್ಗು ಕೊರೆಯುವ ಹುಳು. ಮೊಗ್ಗಿನ ಬುಡ ಊದಿ ನೇರಳೆ ಬಣ್ಣಕ್ಕೆ ತಿರುಗಿ ಒಣಗಿದರೆ ಅದು ಮೊಗ್ಗುನೊಣದ ಕೆಲಸ. ಅಂಥ ಮೊಗ್ಗುಗಳನ್ನು ಕಿತ್ತು ಚೀಲದಲ್ಲಿ ಬಿಗಿದು ಹೊರಹಾಕಬೇಕೇ ಹೊರತು ಬುಡದಲ್ಲೇ ಉದುರಿಸಬಾರದು, ಏಕೆಂದರೆ ಈ ನೊಣದ ಮರಿ ಕೋಶವಾಗುವುದೇ ಮಣ್ಣಿನಲ್ಲಿ. ಮೇಲ್ಮಣ್ಣನ್ನು ಆಗಾಗ ಕೆದಕುವುದರಿಂದಲೂ ಅದರ ಹಾವಳಿ ತಗ್ಗುತ್ತದೆ. ಜೊತೆಗೆ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಎರಡು ಹನಿ ಸೋಪಿನ ದ್ರಾವಣದೊಂದಿಗೆ ಬೆರೆಸಿ ಸಂಜೆ ಸಿಂಪಡಿಸಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಟ್ಟುಹೋಗುತ್ತದೆ.

ಪೂರ್ತಿ ಬೆಳೆದು ಬೆಳ್ಳಗಾದ, ಇನ್ನೂ ಬಿರಿಯದ ಮೊಗ್ಗನ್ನು ಬೆಳಗ್ಗೆ ಬಿಸಿಲೇರುವ ಮುನ್ನ ಕೊಯ್ದರೆ ಸಂಜೆ ಮಾಲೆಯಲ್ಲೇ ಅರಳುತ್ತದೆ. ಒಂದು ಕುಡಿಯ ಗೊಂಚಲು ಮುಗಿದೊಡನೆ ಎರಡು ಜೊತೆ ಎಲೆಗಳಷ್ಟು ಕೆಳಕ್ಕೆ ಆ ಕುಡಿಯನ್ನು ಚಿವುಟಿಬಿಡಬೇಕು. ಇದನ್ನು ಮರೆಯದೆ ಮಾಡುವವರ ಗಿಡ ಮಳೆಗಾಲ ಹಿಡಿಯುವ ಮುನ್ನ ಮತ್ತೊಂದು ಸುತ್ತು ಹೂ ಕೊಡುತ್ತದೆ. ಗೊಬ್ಬರದ ಎರಡನೆಯ ಕಂತನ್ನು ಜೂನ್ ಅಥವಾ ಜುಲೈಯಲ್ಲಿ ಕೊಡಬೇಕು. ನೆರೆಹೊರೆಯವರು ಸಸಿ ಕೇಳಿದರೆ, ಅದೇ ಹೊತ್ತಿನಲ್ಲಿ ಬುಡದ ಉದ್ದನೆಯ ಕೊಂಬೆಯೊಂದನ್ನು ಬಾಗಿಸಿ, ನಡುವಿನ ಗೆಣ್ಣನ್ನು ಮಣ್ಣಿನಲ್ಲಿ ಹುಗಿದು ಮೇಲೊಂದು ಕಲ್ಲು ಹೇರಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಬೇರು ಬಿಟ್ಟಿರುತ್ತದೆ.