ಶಾಖ ಕೊಟ್ಟ ಮೇಲಿನ 20 ನಿಮಿಷ

ನಾನು ಸಾಗರದ ಕಡೆ ಫಿಸಿಯೋಥೆರಪಿಸ್ಟ್. ನೋವು ಅಂತ ನನ್ನ ಹತ್ತಿರ ಬರುವವರಲ್ಲಿ ಮನೆಯಲ್ಲಿ ಶಾಖ ಕೊಟ್ಟುಕೊಳ್ಳದೆ ಬಂದವರು ಬಹಳ ಕಡಿಮೆ. ಉಪ್ಪಿನ ಗಂಟು, ಎಕ್ಕದ ಎಲೆ, ಬಿಸಿನೀರಿನ ಚೀಲ, ಕರೆಂಟಿನ ಹೀಟಿಂಗ್ ಪ್ಯಾಡ್, ಇಲ್ಲವೇ ಹಂಡೆ ನೀರಿನ ಸ್ನಾನ, ಏನಾದರೊಂದು ಆಗಿಯೇ ಇರುತ್ತದೆ. "ಶಾಖ ಕೊಟ್ರೆ ಹಾಯ್ ಅನ್ಸುತ್ತೆ ಮೇಡಂ, ಬೆಳಗ್ಗೆ ಎದ್ರೆ ಮತ್ತೆ ಅದೇ ನೋವು" ಅನ್ನುತ್ತಾರೆ. ಶಾಖ ಕೊಟ್ಟಾದ ಮೇಲೆ ಏನು ಮಾಡಿದಿರಿ ಅಂತ ಕೇಳುತ್ತೇನೆ. "ಹೊದ್ದುಕೊಂಡು ಮಲಗಿದೆ" ಅನ್ನುವುದೇ ಹೆಚ್ಚಿನವರ ಉತ್ತರ. ಅಲ್ಲೇ ಇರುವುದು ತೊಡಕು. ಶಾಖ ನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ. ಆ ಹೊತ್ತಿನಲ್ಲಿ ಕೀಲನ್ನು ಆಡಿಸಿದರೆ ಮಾತ್ರ ಅದರ ಪೂರ್ತಿ ಲಾಭ ಸಿಗುವುದು. ಇದನ್ನು ಓದಿ ಕಲಿತಿದ್ದೆ, ವರ್ಷಗಟ್ಟಲೆ ಬೇರೆಯವರಿಗೆ ಹೇಳಿಯೂ ಇದ್ದೆ. ಎಷ್ಟು ನಿಜ ಅಂತ ಮೈಯಲ್ಲೇ ಗೊತ್ತಾಗಿದ್ದು ನನ್ನ ಎಡ ಭುಜ ಹಿಡಿದುಕೊಂಡಾಗ.

ಫ್ರೋಜನ್ ಶೋಲ್ಡರ್ ಅಂತ ಕೇಳಿರುತ್ತೀರಿ. 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ. ಶುಗರ್ ಇದ್ದವರಿಗೆ, ಥೈರಾಯ್ಡ್ ತೊಂದರೆ ಇದ್ದವರಿಗೆ ಇನ್ನೂ ಜಾಸ್ತಿ. ಭುಜದ ಕೀಲನ್ನು ಸುತ್ತಿಕೊಂಡಿರುವ ಪೊರೆ ದಪ್ಪಗಾಗಿ ಬಿಗಿಯುತ್ತಾ ಹೋಗುತ್ತದೆ. ಮೊದಲು ನೋವಿನ ಕಾಲ, ಆಮೇಲೆ ಬಿಗಿತದ ಕಾಲ, ಕೊನೆಗೆ ನಿಧಾನಕ್ಕೆ ಸಡಿಲವಾಗುವ ಕಾಲ. ಎಲ್ಲಾ ಸೇರಿ ಒಂದರಿಂದ ಮೂರು ವರ್ಷ ಹಿಡಿಯುವುದು ಸಾಮಾನ್ಯ. ನನಗೆ ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಮೇಲಿನ ಕಪಾಟಿನ ಡಬ್ಬ ಕೈಗೆ ಸಿಗುತ್ತಿರಲಿಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗಿಬಿಡುತ್ತಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊರಗಿನಿಂದ ಕೊಡುವ ಶಾಖ ಚರ್ಮದ ಕೆಳಗೆ ಸುಮಾರು ಒಂದು ಸೆಂಟಿಮೀಟರ್‌ವರೆಗೆ ಚೆನ್ನಾಗಿ ಇಳಿಯುತ್ತದೆ. ಅದಕ್ಕಿಂತ ಆಳಕ್ಕೆ ಹೋದ ಹಾಗೆ ಕಾವು ಬೇಗ ಕಡಿಮೆಯಾಗುತ್ತದೆ. ಭುಜದ ಪೊರೆ ಇರುವುದು ದಪ್ಪ ಸ್ನಾಯುವಿನ ಅಡಿಯಲ್ಲಿ. ಬಿಸಿನೀರಿನ ಚೀಲ ಆ ಪೊರೆಯನ್ನೇ ಮೆತ್ತಗೆ ಮಾಡಿತು ಅಂದರೆ ಅದು ನಿಜವಲ್ಲ. ಶಾಖ ಮಾಡಿದ ಕೆಲಸ ಬೇರೆ. ನೋವಿಗೆ ಹೆದರಿ ಬಿಗಿಹಿಡಿದು ನಿಂತಿದ್ದ ಸ್ನಾಯುಗಳನ್ನು ಅದು ಸಡಿಲಿಸಿತು. ಆ ಬಿಗಿ ಬಿಟ್ಟ ಮೇಲೆ ಕೈ ಎಳೆಯುವುದಕ್ಕೆ ಧೈರ್ಯ ಬಂತು. ಬೆರಳಿನ ಸಂದಿಗಳ ವಿಷಯ ಬೇರೆ, ಅಲ್ಲಿ ಮಾಂಸ ತೆಳು, ಕಾವು ಕೀಲಿನವರೆಗೂ ಮುಟ್ಟುತ್ತದೆ. ಅದಕ್ಕೇ ಬೆರಳು ಬಿಗಿಯುವವರಿಗೆ ನಾವು ಮೇಣದ ಶಾಖ ಕೊಡುತ್ತೇವೆ. ಸುಮಾರು 52ರಿಂದ 54 ಡಿಗ್ರಿಯಲ್ಲಿ ಕರಗಿಸಿಟ್ಟ ಪ್ಯಾರಾಫಿನ್ ಮೇಣದಲ್ಲಿ ಕೈಯನ್ನು ಮತ್ತೆ ಮತ್ತೆ ಅದ್ದಿ ತೆಗೆದು, ಮೇಲೆ ಟವೆಲ್ ಸುತ್ತಿಡುವುದು. ಮನೆಯಲ್ಲಿ ಮೇಣದಬತ್ತಿ ಕರಗಿಸಿ ಇದನ್ನು ಮಾಡಲು ಹೋಗಬೇಡಿ. ಆ ಮೇಣ ಕರಗಲು ಜಾಸ್ತಿ ಬಿಸಿ ಬೇಕು, ಕೈ ಸುಡುತ್ತದೆ.

ಈಗ ನಾನು ಮಾಡಿಕೊಂಡ ಕ್ರಮ. ಸಂಜೆ ಕೆಲಸ ಮುಗಿಸಿ ಬಂದು ನೀರು ಕಾಯಿಸುತ್ತಿದ್ದೆ. ಕುದಿಯುವ ನೀರನ್ನು ಚೀಲಕ್ಕೆ ಸುರಿಯಬಾರದು, ತಣ್ಣೀರು ಬೆರೆಸಿಯೇ ಹಾಕಬೇಕು. ಚೀಲದ ಮೂರರಲ್ಲಿ ಎರಡು ಭಾಗ ತುಂಬಿ, ಮೇಲಿನ ಗಾಳಿಯನ್ನು ಒತ್ತಿ ಹೊರಗೆ ಹಾಕಿ ಮುಚ್ಚಳ ತಿರುಗಿಸುತ್ತಿದ್ದೆ. ಗಾಳಿ ಉಳಿದರೆ ಚೀಲ ಉಬ್ಬಿಕೊಂಡು ಭುಜದ ಮೇಲೆ ಸರಿಯಾಗಿ ಕೂರುವುದಿಲ್ಲ. ಆಮೇಲೆ ಸಿಂಕಿನ ಮೇಲೆ ತಲೆಕೆಳಗು ಹಿಡಿದು ಸೋರುತ್ತದಾ ಅಂತ ನೋಡುವುದು. ರಬ್ಬರ್ ಬಿರುಕು ಬಿಟ್ಟಿದ್ದರೆ ಆ ಚೀಲವನ್ನು ಮುಲಾಜಿಲ್ಲದೆ ಎಸೆಯಿರಿ. ಚೀಲಕ್ಕೆ ದಪ್ಪ ಟವೆಲ್ ಎರಡು ಸುತ್ತು ಸುತ್ತಿ, ಕುರ್ಚಿಯಲ್ಲಿ ಕೂತು, ಕೈ ಕೆಳಗೆ ದಿಂಬು ಇಟ್ಟುಕೊಂಡು 15ರಿಂದ 20 ನಿಮಿಷ ಶಾಖ ತೆಗೆದುಕೊಳ್ಳುತ್ತಿದ್ದೆ. ಐದು ನಿಮಿಷಕ್ಕೊಮ್ಮೆ ಟವೆಲ್ ಸರಿಸಿ ಚರ್ಮ ನೋಡಬೇಕು. ತಿಳಿ ಗುಲಾಬಿ ಬಣ್ಣ ಬಂದಿದ್ದರೆ ಸರಿ. ಕೆಂಪು ಬಿಳುಪು ಮಚ್ಚೆ ಮಚ್ಚೆಯಾಗಿ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಒದ್ದೆ ಟವೆಲ್ ಸುತ್ತಿದರೆ ಕಾವು ಬೇಗ ಹತ್ತುತ್ತದೆ, ನನಗೂ ಅದೇ ಹಿತ. ಆದರೆ ಬೇಗ ಸುಡುವುದೂ ಅದೇ. ಹಾಗಾಗಿ ಒದ್ದೆ ಬಟ್ಟೆ ಹಾಕುವ ದಿನ ನೀರಿನ ಬಿಸಿ ಇನ್ನೂ ಕಡಿಮೆ ಇರಲಿ.

ಜಾಸ್ತಿ ಬಿಸಿ ಕೊಟ್ಟರೆ ಬೇಗ ಗುಣವಾಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಬಲವಾಗಿದೆ. ನಮ್ಮ ನರಗಳಲ್ಲಿ ಸುಮಾರು 43 ಡಿಗ್ರಿ ದಾಟಿದ ಕೂಡಲೇ "ಉರಿ" ಅಂತ ಸುದ್ದಿ ಕಳಿಸುವ ಒಂದು ಪ್ರೋಟೀನ್ ಇದೆ. ಮೆಣಸಿನಕಾಯಿಯ ಖಾರಕ್ಕೂ ಅದೇ ಪ್ರೋಟೀನ್ ಸ್ಪಂದಿಸುತ್ತದೆ. ಖಾರದ ಜಾಡು ಹಿಡಿದೇ ಅದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಸಿಕ್ಕಿತು, ಆರ್ಡೆಮ್ ಪಟಾಪೌಟಿಯನ್ ಅವರ ಜೊತೆ ಹಂಚಿಕೆಯಾಗಿ. ನಮಗೆ ಬೇಕಾಗಿರುವುದು ಆ ಉರಿ ಶುರುವಾಗುವುದಕ್ಕಿಂತ ಕೆಳಗಿನ ಹಿತವಾದ ಕಾವು, ಚರ್ಮದ ಮೇಲೆ 40 ಡಿಗ್ರಿ ಆಸುಪಾಸು. ಚುರುಗುಟ್ಟಿದರೆ ಸಹಿಸಿಕೊಂಡು ಕೂರಬೇಡಿ, ಇನ್ನೊಂದು ಸುತ್ತು ಟವೆಲ್ ಹಾಕಿ.

ಚೀಲ ತೆಗೆದ ಕೂಡಲೇ ಎದ್ದು ನಿಲ್ಲುತ್ತಿದ್ದೆ. ಬಲಗೈಯನ್ನು ಮೇಜಿನ ಮೇಲೆ ಊರಿ ಮುಂದಕ್ಕೆ ಬಾಗಿ, ಎಡಗೈಯನ್ನು ಸುಮ್ನೆ ಇಳಿಬಿಟ್ಟು, ಮೈಯನ್ನು ತೂಗಿ ಕೈ ತಾನಾಗಿ ಆಡುವಂತೆ ಮಾಡುವುದು ಮೊದಲ ಕೆಲಸ. ನೋವು ಜೋರಾಗಿದ್ದ ಶುರುವಿನ ಕಾಲದಲ್ಲಿ ಇಷ್ಟೇ ಮಾಡಿದ್ದು. ಆ ಹಂತದಲ್ಲಿ ಬಲವಂತವಾಗಿ ಎಳೆದರೆ ನೋವು ಕೆರಳುತ್ತದೆ. ಬಿಗಿತವೇ ಮುಖ್ಯವಾದ ಮೇಲೆ ಉಳಿದದ್ದು ಸೇರಿಸಿಕೊಂಡೆ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳಿಂದ ಮೇಲೆ ಹತ್ತುವುದು. ಟವೆಲ್ಲಿನ ಎರಡು ತುದಿ ಹಿಡಿದು ಬೆನ್ನ ಹಿಂದೆ ಎಡಗೈಯನ್ನು ಮೇಲಕ್ಕೆ ಎಳೆಯುವುದು. ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು, ಕೋಲಿನಿಂದ ಮುಂಗೈಯನ್ನು ಹೊರಕ್ಕೆ ತಳ್ಳುವುದು. ಈ ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ, ಆದರೆ ಈ ಕಾಯಿಲೆಯಲ್ಲಿ ಕೈ ಹೊರಕ್ಕೆ ತಿರುಗುವುದೇ ಎಲ್ಲಕ್ಕಿಂತ ಹೆಚ್ಚು ಕೆಡುವುದು. ಪ್ರತಿ ಎಳೆತವನ್ನು 20ರಿಂದ 30 ಸೆಕೆಂಡ್ ಹಿಡಿಯಬೇಕು. ಎಳೆದಾಗ ಆಗುವ ನೋವು ಸ್ವಲ್ಪ ಹೊತ್ತಿನಲ್ಲೇ ಇಳಿದರೆ ಅಳತೆ ಸರಿಯಿದೆ. ರಾತ್ರಿ ನಿದ್ದೆ ಕೆಡಿಸಿದರೆ ಮಾರನೆಯ ದಿನ ಕಡಿಮೆ ಮಾಡಬೇಕು.

ಗೋಡೆಯ ಮೇಲೆ ಬೆರಳು ಮುಟ್ಟಿದ ಕಡೆ ಪೆನ್ಸಿಲಿನಿಂದ ಗೆರೆ ಹಾಕುತ್ತಿದ್ದೆ. ಶಾಖ ಬಿಟ್ಟು ನೇರ ವ್ಯಾಯಾಮಕ್ಕೆ ಇಳಿದ ದಿನ ಗೆರೆ ಕೆಳಗೇ ಬೀಳುತ್ತಿತ್ತು. ಶಾಖ ಕೊಟ್ಟು, ಫೋನಿನಲ್ಲಿ ಮಾತಾಡುತ್ತಾ ಕೂತು ತಡವಾಗಿ ಎದ್ದ ದಿನವೂ ಹಾಗೆಯೇ. ಮೈ ಆರುವ ಮುಂಚೆ, 20 ನಿಮಿಷದ ಒಳಗೆ ಮುಗಿಸಿಬಿಡಬೇಕು ಅಂತ ಆಗ ನನಗೆ ನಾನೇ ನಿಯಮ ಮಾಡಿಕೊಂಡೆ. ಮೂಳೆ ಡಾಕ್ಟರ ಸಲಹೆಯಂತೆ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ತೆಗೆದುಕೊಂಡಿದ್ದೆ. ಅದು ಕೊಟ್ಟ ಗುಣವನ್ನು ಶಾಖದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಅಡಿಕೆ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ರಾತ್ರಿಯೆಲ್ಲಾ ಕೂತು ಸುಲಿಯುವ ಹೆಂಗಸರು ಸೊಂಟ ಹಿಡಿದುಕೊಂಡು ಬರುತ್ತಾರೆ. ಹೊಸದಾಗಿ ಬಂದ ಸೊಂಟನೋವಿಗೆ ಶಾಖ ಒಳ್ಳೆಯದು ಅನ್ನುವುದಕ್ಕೆ ಆಧಾರವಿದೆ. ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಇಂಥ ನೋವಿಗೆ ಮಾತ್ರೆಗಿಂತ ಮೊದಲು ಮಾಡಿ ನೋಡಬೇಕಾದವುಗಳಲ್ಲಿ ಶಾಖವನ್ನೂ ಸೇರಿಸಿತು. ಸಿಗುವ ಆರಾಮ ದೊಡ್ಡದಲ್ಲ, ಬಹಳ ದಿನ ನಿಲ್ಲುವುದೂ ಇಲ್ಲ. ಆದರೂ ಆ ಹೊತ್ತಿನಲ್ಲಿ ಎದ್ದು ನಾಲ್ಕು ಹೆಜ್ಜೆ ಓಡಾಡಿದವರು ಬೇಗ ಕೆಲಸಕ್ಕೆ ಮರಳುವುದನ್ನು ನೋಡಿದ್ದೇನೆ. ಮುಟ್ಟಿನ ಹೊಟ್ಟೆನೋವಿಗೂ ಹಿತವಾದ ಕಾವು ಒಳ್ಳೆಯ ಉಪಾಯ, ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಬಳಸಲಿ.

ನನಗೆ ನಿಜವಾಗಿ ಭಯ ಇರುವುದು ಶುಗರ್ ಇದ್ದವರ ಪಾದಗಳ ಬಗ್ಗೆ. ಪಾದ ಜುಮುಗುಟ್ಟುತ್ತದೆ ಅಂತ ಒಬ್ಬ ಹಿರಿಯರು ರಾತ್ರಿ ಬಿಸಿ ಚೀಲದ ಮೇಲೆ ಕಾಲಿಟ್ಟು ಮಲಗಿದ್ದರು. ಬೆಳಗ್ಗೆ ಅಂಗಾಲಿನಲ್ಲಿ ದೊಡ್ಡ ಬೊಬ್ಬೆ. ಸುಟ್ಟಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ, ಗಾಯ ಮಾಯಲು ತಿಂಗಳುಗಳೇ ಹಿಡಿದವು. ಅದಕ್ಕೇ ಶಾಖ ಕೊಡುವ ಮುಂಚೆ ನಾವು ಎರಡು ಗಾಜಿನ ನಳಿಕೆಗಳಲ್ಲಿ ಬಿಸಿನೀರು, ತಣ್ಣೀರು ತುಂಬಿ ಚರ್ಮಕ್ಕೆ ಮುಟ್ಟಿಸಿ, ಕಣ್ಣು ಮುಚ್ಚಿಸಿ ಯಾವುದು ಯಾವುದು ಅಂತ ಕೇಳುತ್ತೇವೆ. ಹೇಳಲು ಬಾರದಿದ್ದರೆ ಆ ಜಾಗಕ್ಕೆ ಶಾಖವೇ ಇಲ್ಲ. ಸುಡಲು ಕುದಿಯುವ ನೀರೇ ಬೇಕಿಲ್ಲ. 60 ಡಿಗ್ರಿಯ ನೀರು ಸುಮಾರು ಐದು ಸೆಕೆಂಡಿನಲ್ಲಿ ಸುಡುತ್ತದೆ. 44 ಡಿಗ್ರಿಯೂ ಸುಮಾರು ಆರು ಗಂಟೆ ಒಂದೇ ಕಡೆ ಇದ್ದರೆ ಸುಡುತ್ತದೆ. ಹೀಟಿಂಗ್ ಪ್ಯಾಡ್ ಹಾಕಿಕೊಂಡು ನಿದ್ದೆ ಹೋಗಬೇಡಿ ಅನ್ನುವುದು ಇದಕ್ಕೇ. ಮಳೆಗಾಲದಲ್ಲಿ ದಿನವೂ ಬಚ್ಚಲ ಒಲೆ ಮುಂದೆ ಕಾಲು ಕಾಯಿಸುವ ಅಜ್ಜಂದಿರ ಮೊಣಕಾಲ ಕೆಳಗೆ ಬಲೆಯ ಹಾಗೆ ಕಂದು ಗೆರೆಗಳು ಬಂದಿರುತ್ತವೆ. ಅದೂ ಕಾವು ಮಾಡಿದ ಹಾನಿಯೇ.

ಹೊಸದಾಗಿ ಕಾಲು ಉಳುಕಿ ಬಾತಿದ್ದರೆ ಮೊದಲ ಎರಡು ಮೂರು ದಿನ ಶಾಖ ಬೇಡ. ಕೀಲು ಕೆಂಪಾಗಿ, ಮುಟ್ಟಿದರೆ ತಾನೇ ಬಿಸಿಯಾಗಿದ್ದರೂ ಬೇಡ. ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಡಾಕ್ಟರ ಹತ್ತಿರ ಹೋಗಿ. ನೋವಿನ ಮುಲಾಮು ಹಚ್ಚಿದ ಜಾಗದ ಮೇಲೆ ಶಾಖ ಕೊಟ್ಟರೆ ಚರ್ಮ ಸುಡುವುದುಂಟು. ಎಕ್ಕದ ಎಲೆ ಬಳಸುವವರು ಅದರ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಕಣ್ಣಿಗೆ ಅದು ದೊಡ್ಡ ಅಪಾಯ. ಉಪ್ಪಿನ ಗಂಟನ್ನು ಮೊದಲು ಮುಂಗೈಯ ಒಳಭಾಗಕ್ಕೆ ಮುಟ್ಟಿಸಿ ನೋಡಿ.

ಈಗ ನನ್ನ ಕೈ ತಲೆಯ ಮೇಲೆ ಪೂರ್ತಿ ಹೋಗುತ್ತದೆ. ಬೆನ್ನ ಹಿಂದೆ ಬಲಗೈಯಷ್ಟು ಇನ್ನೂ ಬಂದಿಲ್ಲ. ದಿನಾ ಚೀಲ ಹಿಡಿದು ಕೂರುವಷ್ಟು ಬಿಡುವು ಇಲ್ಲ ಅನ್ನುವ ಹೆಂಗಸರಿಗೆ ನಾನು ಈಗ ಮಾಡುತ್ತಿರುವುದನ್ನೇ ಹೇಳುತ್ತೇನೆ. ಸ್ನಾನದ ಕೊನೆಗೆ ನಾಲ್ಕೈದು ತಂಬಿಗೆ ಹಿತವಾದ ಬಿಸಿನೀರನ್ನು ಭುಜದ ಮೇಲೆ ನಿಧಾನಕ್ಕೆ ಸುರಿದುಕೊಳ್ಳಿ. ಬಚ್ಚಲಲ್ಲಿ ಕಾಲು ಜಾರುತ್ತದೆ, ಅಲ್ಲಿ ವ್ಯಾಯಾಮ ಬೇಡ. ಮೈ ಒರೆಸಿಕೊಂಡು ಹೊರಗೆ ಬನ್ನಿ. ಅಡುಗೆಮನೆಗೆ ಹೋಗುವ ಮುಂಚೆ ಅದೇ ಟವೆಲ್ಲನ್ನು ಬೆನ್ನ ಹಿಂದೆ ಹಿಡಿದು ಎಳೆಯಿರಿ.