ಮಗ್ಗ ನಿಂತ ಮೇಲೆ ಕೇಳಿಸಿದ ಗುಂಯ್

ಬನಹಟ್ಟಿಯಲ್ಲಿ ನಮ್ಮ ಓಣಿಯ ವಿದ್ಯುತ್ ಮಗ್ಗಗಳು ನಿಲ್ಲುವುದು ರಾತ್ರಿ ಹತ್ತರ ಸುಮಾರಿಗೆ. ನಾನು ಕಟ್ಟಿದ ಆಂಪ್ಲಿಫೈಯರಿಗೆ ಮೊದಲ ಬಾರಿ ಸ್ಪೀಕರ್ ಜೋಡಿಸಿದ್ದು ಒಂದು ಮಧ್ಯಾಹ್ನ. ಹಾಡು ಚೆನ್ನಾಗಿಯೇ ಬಂತು, ಮನೆಮಂದಿ ಮೆಚ್ಚಿದರು. ರಾತ್ರಿ ಮಗ್ಗಗಳು ನಿಂತವು, ನಾನೂ ಹಾಡು ನಿಲ್ಲಿಸಿದೆ. ಆಗ ಕೇಳಿಸಿತು, ಸ್ಪೀಕರಿನೊಳಗೆ ಜೇನುಹುಳ ಹೊಕ್ಕಂತೆ ಗುಂಯ್ ಎಂಬ ಸದ್ದು. ವಾಲ್ಯೂಮ್ ಪೂರ್ತಿ ಇಳಿಸಿದರೂ ಅದು ಇಳಿಯಲಿಲ್ಲ. ಸರ್ಕ್ಯೂಟ್ ಕಟ್ಟಲು ಹದಿನೈದು ದಿನ ಹಿಡಿದಿತ್ತು. ಆ ಸದ್ದನ್ನು ಹೊರಗೆ ಹಾಕಲು ನಾಲ್ಕು ತಿಂಗಳು ಹಿಡಿಯಿತು.

ಸರ್ಕ್ಯೂಟ್‌ನಲ್ಲಿ ಹೊಸತೇನಿಲ್ಲ. ಕ್ಲಾಸ್ ಎಬಿ, ಅಂದರೆ ಅಲೆಯ ಮೇಲಿನ ಅರ್ಧಕ್ಕೆ ಒಂದು, ಕೆಳಗಿನ ಅರ್ಧಕ್ಕೆ ಇನ್ನೊಂದು ಟ್ರಾನ್ಸಿಸ್ಟರ್ ದುಡಿಯುವ ಬಗೆ; ಮೊದಲಿಗೆ ಇನ್‌ಪುಟ್ ಹಿಡಿಯುವ ಡಿಫರೆನ್ಷಿಯಲ್ ಜೋಡಿ, ಕೊನೆಗೆ 2ಎಸ್‌ಸಿ5200 ಮತ್ತು 2ಎಸ್‌ಎ1943 ಟ್ರಾನ್ಸಿಸ್ಟರ್‌ಗಳು. 25-0-25 ವೋಲ್ಟಿನ, ಬಳೆಯಾಕಾರದ ಟೊರಾಯ್ಡ್ ಟ್ರಾನ್ಸ್‌ಫಾರ್ಮರಿನಿಂದ ಪ್ಲಸ್ ಮೈನಸ್ 35 ವೋಲ್ಟ್, 8 ಓಮ್ ಸ್ಪೀಕರಿಗೆ ಸುಮಾರು 50 ವ್ಯಾಟ್. ಮಗ್ಗಗಳು ಓಡುವಾಗ ನಮ್ಮ ಮನೆಗೆ 205 ವೋಲ್ಟ್ ಬರುತ್ತದೆ, ನಿಂತ ಮೇಲೆ 245. ಹೀಗಾಗಿ ಕೆಪಾಸಿಟರ್‌ಗಳನ್ನು 63 ವೋಲ್ಟಿನವನ್ನೇ ಹಾಕಿದೆ. ಮೊದಲು ತಂದ ಔಟ್‌ಪುಟ್ ಜೋಡಿ ನಕಲಿಯಾಗಿತ್ತು, ಅಂದೇ ಶಾರ್ಟ್ ಆಯಿತು. ಮೇನ್ಸ್ ದಾರಿಯಲ್ಲಿ ಸರಣಿಯಾಗಿ ಹಾಕಿದ್ದ 100 ವ್ಯಾಟಿನ ಫಿಲಮೆಂಟ್ ಬಲ್ಬ್ ಭಗ್ಗನೆ ಬೆಳಗಿ ಉಳಿದದ್ದನ್ನು ಕಾಪಾಡಿತು. ಆ ಬಲ್ಬ್ ಇಲ್ಲದೆ ಹೊಸ ಆಂಪ್ಲಿಫೈಯರಿಗೆ ಯಾರೂ ಕರೆಂಟ್ ಕೊಡಬಾರದು.

ಗುಂಯ್ ಸದ್ದಿಗೆ ನಾನು ಮೊದಲು ದೂರಿದ್ದು ಕೆಪಾಸಿಟರ್‌ಗಳನ್ನು. 4700 ಮೈಕ್ರೋಫ್ಯಾರಡ್‌ನವನ್ನು ಕಿತ್ತು 10000ದವನ್ನು ಹಾಕಿದೆ. ಸದ್ದು ಇನ್ನಷ್ಟು ಕರ್ಕಶವಾಯಿತು. ಮಲ್ಟಿಮೀಟರ್ ಸ್ಪೀಕರ್ ತುದಿಯಲ್ಲಿ 60 ಮಿಲಿವೋಲ್ಟ್ ತೋರಿಸುತ್ತಿತ್ತು. ಕೊನೆಗೆ ಮೊಬೈಲಿನ ಸ್ಪೆಕ್ಟ್ರಮ್ ಆ್ಯಪ್ ತೆರೆದು ಸ್ಪೀಕರಿನ ಮುಂದೆ ಹಿಡಿದಾಗ ಗೆರೆಗಳು 100, 200, 300 ಹರ್ಟ್ಸ್‌ನಲ್ಲಿ ಎದ್ದು ನಿಂತವು. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವೇ ಕಾರಣವಾಗಿದ್ದರೆ 50ರಲ್ಲಿ ಗೆರೆ ಏಳಬೇಕಿತ್ತು. 100 ಎಂದರೆ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕೆಪಾಸಿಟರ್‌ಗಳನ್ನು ತುಂಬುವ ಹೊಡೆತ. ಆ ಕರೆಂಟ್ ಸೆಕೆಂಡಿಗೆ 100 ಸಲ, ಕ್ಷಣಮಾತ್ರ, ಹಲವು ಆಂಪಿಯರ್‌ಗಳಾಗಿ ನುಗ್ಗುತ್ತದೆ; ಕೆಪಾಸಿಟರ್ ದೊಡ್ಡದಾದಷ್ಟೂ ಹೊಡೆತ ಚೂಪಾಗುತ್ತದೆ.

ಅದು ನುಗ್ಗುತ್ತಿದ್ದ ಗ್ರೌಂಡ್ ತಂತಿಯ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತಂತಿಯ, ನಡುವಿನಿಂದಲೇ ನಾನು ಇನ್‌ಪುಟ್ ಗ್ರೌಂಡ್ ಎಳೆದಿದ್ದೆ! ಗೇಣುದ್ದದ ತಾಮ್ರಕ್ಕೆ ಎಂಥ ಪ್ರತಿರೋಧ ಎಂದುಕೊಂಡಿದ್ದೆ. ಒಂದೆರಡು ಮಿಲಿಓಮ್ ಇದ್ದರೂ ಸಾಕು, 5 ಆಂಪಿಯರ್ ಹರಿದಾಗ 5ರಿಂದ 10 ಮಿಲಿವೋಲ್ಟ್ ಹುಟ್ಟುತ್ತದೆ. ನನ್ನ ಆಂಪ್ಲಿಫೈಯರ್ ಅದನ್ನೂ ಸಂಗೀತವೆಂದೇ ತಿಳಿದು 23 ಪಟ್ಟು ಹಿಗ್ಗಿಸುತ್ತಿತ್ತು.

ಎಲ್ಲ ಗ್ರೌಂಡ್ ತಂತಿಗಳನ್ನು ಬಿಚ್ಚಿದೆ. ಎರಡು ಕೆಪಾಸಿಟರ್‌ಗಳು ಕೂಡುವ ಜಾಗದಿಂದ ಪಕ್ಕಕ್ಕೆ ಒಂದು ದಪ್ಪ ತಾಮ್ರದ ಪಟ್ಟಿ ತೆಗೆದು, ಅದರ ತುದಿಯನ್ನು ಸ್ಟಾರ್ ಗ್ರೌಂಡ್ ಮಾಡಿದೆ. ಸ್ಪೀಕರಿನಿಂದ ವಾಪಸ್ ಬರುವ ತಂತಿ, ಆಂಪ್ಲಿಫೈಯರನ್ನು ಸ್ಥಿರವಾಗಿಡುವ ಝೋಬೆಲ್ ಜಾಲ, ಇನ್‌ಪುಟ್, ಒಂದೊಂದಕ್ಕೂ ಅಲ್ಲಿಗೆ ಬೇರೆ ಬೇರೆ ತಂತಿ. ಇನ್‌ಪುಟ್‌ನದಕ್ಕೆ ನಡುವೆ 10 ಓಮ್ ರೆಸಿಸ್ಟರ್. 60 ಇದ್ದದ್ದು 3 ಮಿಲಿವೋಲ್ಟಿಗೆ ಇಳಿಯಿತು. ಉಳಿದ 3ರಲ್ಲಿ 50 ಹರ್ಟ್ಸ್ ಹೆಚ್ಚಿತ್ತು. ಟೊರಾಯ್ಡ್‌ನ ಬೋಲ್ಟ್ ಸಡಿಲಿಸಿ, ಮೀಟರ್ ನೋಡುತ್ತ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಒಂದು ಕೋನದಲ್ಲಿ ಅರ್ಧ ಮಿಲಿವೋಲ್ಟ್ ಕಂಡಿತು. ಅಲ್ಲೇ ಬಿಗಿದೆ. ಸದ್ದು ಹೋಗಲೆಂದು ಮೂರನೇ ಪಿನ್ನಿನ ಅರ್ಥ್ ತಂತಿಯನ್ನೇ ಕತ್ತರಿಸುವವರನ್ನು ಕಂಡಿದ್ದೇನೆ; ಲೋಹದ ಪೆಟ್ಟಿಗೆಗೆ ಕರೆಂಟ್ ತಗುಲಿದ ದಿನ ಅವರ ಮನೆಯ ಯಾರದೋ ಜೀವ ಹೋಗಬಹುದು.

ಮೌನ ಸಿಕ್ಕ ಮೇಲೆ ಇನ್ನೊಂದು ದೋಷ ಬಯಲಾಯಿತು. ಪಕ್ಕದ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರೆಂದರೆ ನನಗೆ ಪ್ರಾಣ. ಅವರ ದನಿ ನಿಂತು ತಂಬೂರಿಯೊಂದೇ ಉಳಿಯುವ ಜಾಗದಲ್ಲಿ, ತಂತಿಯ ನಾದ ಕರಗುತ್ತ ಹೋದಂತೆ ಅದರೊಳಗೆ ಮರಳು ಬೆರೆತಂತೆ ಕೇಳಿಸುತ್ತಿತ್ತು. ದೊಡ್ಡ ದನಿಯಲ್ಲಿ ಅದರ ಸುಳಿವೇ ಇರಲಿಲ್ಲ. ಮೇಲಿನ ಟ್ರಾನ್ಸಿಸ್ಟರ್ ಕೆಳಗಿನದಕ್ಕೆ ಕೆಲಸ ಒಪ್ಪಿಸುವ ಗಳಿಗೆಯಲ್ಲಿ ಬೀಳುವ ಬಿರುಕು ಸಣ್ಣ ನಾದವನ್ನೇ ಹೆಚ್ಚು ಕೆಡಿಸುತ್ತದೆ. 0.22 ಓಮ್ ಎಮಿಟರ್ ರೆಸಿಸ್ಟರಿನ ಮೇಲೆ ಅಳೆದರೆ 4 ಮಿಲಿವೋಲ್ಟ್, ಅಂದರೆ 18 ಮಿಲಿಆಂಪಿಯರ್ ಬಯಾಸ್ (ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಕರೆಂಟ್). ತೀರ ಕಡಿಮೆ. 20 ಮಿಲಿವೋಲ್ಟಿಗೆ ಏರಿಸಿದೆ. ಮರಳು ಹೋಯಿತು, ತಂಬೂರಿ ಕೊನೆಯ ಎಳೆಯವರೆಗೂ ತಂಬೂರಿಯಾಗಿಯೇ ಉಳಿಯಿತು. ಆ ರಾತ್ರಿ ಅದೇ ಜಾಗವನ್ನು ಎಷ್ಟು ಸಲ ಕೇಳಿದೆನೋ.

ಆದರೆ ಕಾಲು ಗಂಟೆಯಲ್ಲಿ 20 ಇದ್ದದ್ದು 45 ಆಗಿ ಏರುತ್ತಲೇ ಇತ್ತು. ಬಿಸಿಯಾದ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಕರೆಂಟ್ ಹೆಚ್ಚುತ್ತದೆ, ಅದರಿಂದ ಮತ್ತೆ ಬಿಸಿ. ಆ ಬಿಸಿಯನ್ನು ಅರಿತು ಬಯಾಸ್ ಇಳಿಸಿ ಇದನ್ನು ಕಾಯಬೇಕಾದ ಬಿಡಿ139 ಟ್ರಾನ್ಸಿಸ್ಟರ್ ನನ್ನ ಬೋರ್ಡಿನ ಮೇಲೆ, ಹೀಟ್‌ಸಿಂಕ್‌ನಿಂದ ದೂರ, ತಣ್ಣಗೆ ಕುಳಿತಿತ್ತು. ಅದನ್ನು ತೆಗೆದು, ಅಭ್ರಕದ ಹಾಳೆ ಮತ್ತು ಥರ್ಮಲ್ ಪೇಸ್ಟ್ ಹಾಕಿ, ಎರಡು ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ನಡುವೆ ಹೀಟ್‌ಸಿಂಕ್‌ಗೇ ಬಿಗಿದೆ.

ಮೇ ತಿಂಗಳವರೆಗೆ ಕಾದೆ. ನಮ್ಮ ಬಾಗಲಕೋಟೆ ಸೀಮೆಯ ಬಿಸಿಲೇ ನಿಜವಾದ ಪರೀಕ್ಷೆ. 41 ಡಿಗ್ರಿಯ ಒಂದು ಮಧ್ಯಾಹ್ನ ಫ್ಯಾನ್ ಆರಿಸಿ, ಅಳೆಯುವ ತಂತಿಗಳನ್ನು ಹೊರಗೆ ತಂದು, ಪೆಟ್ಟಿಗೆಯ ಮುಚ್ಚಳ ಹಾಕಿ, ಎರಡು ಗಂಟೆ ಜೋರಾಗಿ ಹಾಡಿಸಿದೆ. ಹಾಡು ನಿಲ್ಲಿಸಿ ಅಳೆದರೆ ಎಡಕ್ಕೆ 23 ಮಿಲಿವೋಲ್ಟ್, ಬಲಕ್ಕೆ 22. ಮೀಟರ್ ಮಡಿಸಿಟ್ಟು, ಓಣಿಯ ಮಗ್ಗಗಳು ನಿಲ್ಲುವುದನ್ನೇ ಕಾಯುತ್ತ ಕುಳಿತೆ.